ಒಂದು ಟೊಂಗೆಯ ಕರಾರು

ಹೋದ ತಿಂಗಳು ನಮ್ಮ ಓಣಿಯಲ್ಲಿ ಕರೆಂಟಿನ ತಂತಿಗೆ ತಾಗುತ್ತದೆಂದು ಮಾವಿನ ಮರದ ಟೊಂಗೆಯೊಂದನ್ನು ಕಡಿದು ಹಾಕಿದರು. ಹಸಿ ತೊಗಟೆಯ ಸೊನೆ ವಾಸನೆ ಕಿಟಕಿಯಿಂದ ಒಳಗೆ ಬಂತು. ಓದುತ್ತಿದ್ದ ಪೇಪರು ಮಡಿಚಿಟ್ಟು ಹೊರಗೆ ಹೋಗಿ ನಿಂತೆ. ಆ ವಾಸನೆ ಬೇರೆಯವರಿಗೆ ಉಪ್ಪಿನಕಾಯಿ ನೆನಪಿಸಬಹುದು. ನನಗೆ ಕಲಘಟಗಿ ತಾಲೂಕಿನಲ್ಲಿ ಕಳೆದ ಒಂದು ವರ್ಷ ನೆನಪಾಗುತ್ತದೆ. ಅಲ್ಲಿ ನಾನು ಮಾಡಿದ ಒಂದು ತಪ್ಪು, ಆ ತಪ್ಪಿನಿಂದ ನನ್ನ ಯಾವ ಸಹಾಯವೂ ಇಲ್ಲದೆ ಪಾರಾದ ಒಬ್ಬ ಹೆಣ್ಣುಮಗಳು ನೆನಪಾಗುತ್ತಾಳೆ.

ಎಂಬತ್ತರ ದಶಕದ ನಡುವಿನ ಮಾತು. ಹುಬ್ಬಳ್ಳಿಯ ಪತ್ರಿಕೆಯೊಂದಕ್ಕೆ ನಾನು ಕಲಘಟಗಿಯ ಬಾತ್ಮೀದಾರ. ಬೆಳಿಗ್ಗೆ ಸೈಕಲ್ ಮೇಲೆ ಊರೂರು ತಿರುಗುವುದು, ಮಧ್ಯಾಹ್ನ ಬರೆಯುವುದು, ಸಂಜೆ ಬಸ್ಸಿನ ಕಂಡಕ್ಟರ್ ಕೈಗೆ ಸುದ್ದಿಯ ಲಕೋಟೆ ಕೊಟ್ಟು ಕಳಿಸುವುದು. ಡೆಸ್ಕಿನವರು ಹೇಳಿಕೊಟ್ಟ ಪಾಠ ಒಂದೇ: ಯಾರು, ಎಲ್ಲಿ, ಯಾವಾಗ, ಎಷ್ಟು. ಇಷ್ಟು ಸರಿಯಿದ್ದರೆ ಸುದ್ದಿ ಸರಿ. ಅದನ್ನು ನಾನು ನಂಬಿದ್ದೆ.

ಜೂನ್ ತಿಂಗಳ ಮಿರಗದ ಮಳೆ ಹಿಡಿದ ಎರಡನೆಯ ದಿನ ದುಮ್ಮವಾಡದ ಕಡೆ ಹೊರಟಿದ್ದೆ. ಹಳ್ಳದ ಸೇತುವೆ ಕುಸಿದಿದೆ ಎಂದು ಯಾರೋ ಹೇಳಿದ್ದರು. ಸೇತುವೆಗೆ ಏನೂ ಆಗಿರಲಿಲ್ಲ. ಆದರೆ ಅದರಾಚೆಯ ಕಲ್ಲು ಗರಸಿನ ಹೊಲದಲ್ಲಿ ಒಂದು ಗೋಡೆ ನಡೆದು ಬರುತ್ತಿತ್ತು. ಗೋಡೆಯ ಕೆಳಗೆ ನಾಲ್ಕು ಕಾಲು ಕಾಣುತ್ತಿದ್ದವು. ಸೈಕಲ್ ಇಳಿದೆ. ಬಿದಿರಿನ ತಟ್ಟಿಗೆ ಸಗಣಿ-ಮಣ್ಣು ಮೆತ್ತಿ ಮಾಡಿದ ಗೋಡೆ. ಹೊತ್ತವರು ಗಂಡ ಹೆಂಡತಿ. ಇಪ್ಪತ್ತು ಹೆಜ್ಜೆ ಹೊತ್ತು ತಂದು, ಮೂಲೆಗೊಂದರಂತೆ ಇಟ್ಟ ನಾಲ್ಕು ಚಪ್ಪಟೆ ಕಲ್ಲುಗಳಲ್ಲಿ ಎರಡರ ಮೇಲೆ ನಿಲ್ಲಿಸಿ, ಮೂಲೆಯ ಗಳಕ್ಕೆ ಹಗ್ಗ ಬಿಗಿದರು. ಇನ್ನು ಮೂರು ಗೋಡೆ ಹಳೆಯ ಜಾಗದಲ್ಲೇ ಇದ್ದವು.

"ಮನಿ ಯಾಕ ಸರಸಾಕತ್ತೀರಿ?" ಎಂದು ಕೇಳಿದೆ.

"ಇದು ವರ್ಷಾ ಸರೀತೈತ್ರಿ," ಎಂದಳು ಹೆಂಗಸು. ಹೆಸರು ಫಕೀರವ್ವ. "ಆಡು ಕೋಳಿ ಮಲಗಿದ ನೆಲಾ ಹದಕ್ಕ ಬಂದೈತಿ. ಇನ್ನ ಅಲ್ಲಿ ನಾವು ಮಲಗಿದ್ರ ದಂಡ. ಬದನಿ ಹಚ್ಚಬೇಕು."

"ನಮ್ಮನ್ಯಾಗ ಮದಲ ಬದನಿಕಾಯಿಗೆ ಜಾಗಾ ರೀ," ಎಂದ ಗಂಡ ಭರಮಪ್ಪ, ಎರಡನೆಯ ಗೋಡೆಗೆ ಹೆಗಲು ಕೊಡುತ್ತ. "ಆಮ್ಯಾಲೆ ಗಂಡಗ."

"ಬದನಿಕಾಯಿ ಎದುರ ಮಾತಾಡಾಂಗಿಲ್ಲಲ್ಲರಿ, ಅದಕ್ಕ," ಎಂದಳು ಆಕೆ.

ಮೂರನೆಯ ಗೋಡೆಗೆ ನಾನೂ ಕೈ ಹಚ್ಚಿದೆ. ಅಂದಿನಿಂದ ವಾರಕ್ಕೊಮ್ಮೆಯಾದರೂ ಆ ಹೊಲದ ಬದುವಿನಲ್ಲಿ ನನ್ನ ಸೈಕಲ್ ನಿಲ್ಲತೊಡಗಿತು.

ಹೊಲ ಅವರದಾಗಿರಲಿಲ್ಲ. ಇಬ್ಬರೂ ನವಲಗುಂದದ ಕಡೆಯವರು, ಕಣ್ಣಿಗೆ ಒಂದು ಗಿಡ ಬೀಳದ ಎರೆ ಸೀಮೆಯವರು. ಭತ್ತದ ನಾಟಿಗೆಂದು ಕೂಲಿಗೆ ಬಂದು ಇಲ್ಲೇ ಉಳಿದಿದ್ದರು. ದುಮ್ಮವಾಡದ ರುದ್ರಗೌಡರು ತಮ್ಮ ಎರಡು ಎಕರೆ ಬೀಳು ಜಮೀನನ್ನು ಅವರಿಗೆ ಬಾಯಿಮಾತಿನಲ್ಲಿ ಪಾಲಿಗೆ ಕೊಟ್ಟಿದ್ದರು. ಕರಾರು ಮೂರು: ಗಿಡ ನೆಡಬಾರದು, ಬಾವಿ ತೋಡಬಾರದು, ಮನೆಗೆ ಪಾಯ ಹಾಕಬಾರದು.

ಗೌಡರು ಕೆಟ್ಟವರಲ್ಲ. ದಿನಾ ಲಿಂಗಪೂಜೆ ಮಾಡಿ ಹೊರಗೆ ಬರುವ, ಆಳಿಗೆ ತಮ್ಮ ತಾಟಿನ ರೊಟ್ಟಿಯನ್ನೇ ಕೊಡುವ ಮನುಷ್ಯ. ಆದರೆ ಉಳುವವನೇ ಹೊಲದೊಡೆಯ ಎಂಬ ಕಾನೂನು ಬಂದಾಗ ಅವರ ಒಂದು ಒಳ್ಳೆಯ ಭತ್ತದ ಗದ್ದೆ ಗೇಣಿದಾರನಿಗೆ ಹೋಗಿತ್ತು. "ಆ ಕೇಸಿನ್ಯಾಗ ಸಾಕ್ಷಿ ಹೇಳಿದ್ದು ಮನಷ್ಯಾ ಅಲ್ರಿ, ಒಂದು ಹುಣಸಿ ಗಿಡ," ಎಂದು ಅವರೇ ನನಗೊಮ್ಮೆ ಹೇಳಿದ್ದರು. "ಅಂವ ಹಚ್ಚಿದ್ದು. ಗಿಡಾ ಎಷ್ಟು ವರ್ಷದ್ದು ಅಂತ ನೋಡಿದ್ರು, ಹೊಲಾ ಅವಂದು ಅಂದ್ರು." ಅರ್ಜಿಯ ಗಡುವು ಮುಗಿದು ವರ್ಷಗಳಾಗಿದ್ದವು. ಹೆದರಿಕೆಗೆ ಗಡುವಿರಲಿಲ್ಲ.

ಈ ಮೂರು ಕರಾರುಗಳೊಳಗೆ ಫಕೀರವ್ವ ಮುಂದಿನ ಹದಿನೈದು ವರ್ಷದ ಯೋಜನೆ ಹಾಕಿದ್ದಳು. ಓದು ಬಾರದವಳು. ಮದುವೆಗೆ ಮೊದಲು ಧಾರವಾಡದ ಹತ್ತಿರದ ಒಂದು ಸಸಿ ತೋಟದಲ್ಲಿ ಕೂಲಿ ಮಾಡುತ್ತ ಮಾವಿಗೆ ಕಸಿ ಕಟ್ಟುವುದನ್ನು ಕಲಿತಿದ್ದಳು. ಕಲಘಟಗಿಯ ಕುಂಬಾರರಲ್ಲಿ ಸುಡುವಾಗ ಸೊಟ್ಟಗಾದ, ಬಾಯಿ ಒಡೆದ ಗಡಿಗೆಗಳನ್ನು ಕಾಳು ಕೊಟ್ಟು ತರುತ್ತಿದ್ದಳು. ಕಾಡಿನಂಚಿನಿಂದ ಎಲೆಗೊಬ್ಬರದ ಮಣ್ಣು ಬುಟ್ಟಿಯಲ್ಲಿ ಹೊತ್ತು ತಂದು ತುಂಬುತ್ತಿದ್ದಳು. ಒಂದೊಂದರಲ್ಲಿ ಒಂದು ಮಾವಿನ ವಾಟೆ. ಸಸಿ ಕಿರುಬೆರಳಿನಷ್ಟು ದಪ್ಪವಾದಾಗ ಅದಕ್ಕೆ ಆಪೂಸಿನ ಕಸಿ.

"ನಮ್ಮ ಹೊಲಾ ಗಡಿಗ್ಯಾಗ ಐತ್ರಿ," ಎನ್ನುತ್ತಿದ್ದಳು. "ಗೌಡ್ರು ಏಳಂದ ದಿನ ಹೊತಗೊಂಡು ಏಳೂದ. ಮನಿ ಸರೀತೈತಿ, ಗಡಿಗಿ ಸರೀತಾವು, ನಾವೂ ಸರೀತೀವಿ. ಸರೀಲಾರದ್ದು ಆ ಗಿಡಾ ಒಂದ."

ಆ ಗಿಡವೆಂದರೆ ಹೊಲದ ಮೂಡಲ ಬದುವಿನಲ್ಲಿದ್ದ ಹಳೆಯ ಆಪೂಸ ಮಾವು. ಗೌಡರ ತಂದೆ ನೆಟ್ಟದ್ದು. ಆಕೆ ಮಾಡುತ್ತಿದ್ದ ಕಸಿಯಲ್ಲಿ ಸಸಿಯನ್ನೇ ತಾಯಿಮರದ ಬಳಿಗೆ ಒಯ್ಯಬೇಕು. ಮರದ ಸುತ್ತ ಬಿದಿರಿನ ಅಟ್ಟ ಕಟ್ಟಿ, ಅಟ್ಟದ ಮೇಲೆ ಗಡಿಗೆ ಇಟ್ಟು, ಸಸಿಯ ತೊಗಟೆಯನ್ನೂ ಮರದ ಎಳೆ ಟೊಂಗೆಯ ತೊಗಟೆಯನ್ನೂ ಎರಡು ಬೆರಳುದ್ದ ಕೆತ್ತಿ, ಗಾಯಕ್ಕೆ ಗಾಯ ಕೂಡಿಸಿ ಬಾಳೆಯ ನಾರಿನಿಂದ ಬಿಗಿಯಬೇಕು. ಮೂರು ತಿಂಗಳು ಎರಡೂ ಹಾಗೇ ಅಪ್ಪಿಕೊಂಡಿರಬೇಕು. ಅದಕ್ಕೂ ಮೊದಲು ಬಿಡಿಸಿದರೆ ಕಸಿ ಸತ್ತಿತು.

ಪುನರ್ವಸು ಮಳೆಯಲ್ಲಿ ಆಕೆ ಕಸಿ ಕಟ್ಟಿದಳು. ಹತ್ತು ದಿನ ಹೊಲದ ತುಂಬ ಸೊನೆಯ ವಾಸನೆ. ಭರಮಪ್ಪ ಗಡಿಗೆ ಎತ್ತಿ ಕೊಡುತ್ತಿದ್ದ, ಆಕೆ ಅಟ್ಟದ ಮೇಲೆ ಕುಕ್ಕರಗಾಲಿನಲ್ಲಿ ಕೂತು ಚಾಕು ಆಡಿಸುತ್ತಿದ್ದಳು. ನಾನು ಎಣಿಸಿ ಬರೆದುಕೊಂಡೆ: ನೂರಾ ಹನ್ನೆರಡು ಗಡಿಗೆ.

ಉಳಿದ ಚಿಕ್ಕ ಸಸಿಗಳು, ಹಿಂದಿನ ವರ್ಷ ಕಸಿಯಾಗಿ ಬದುಕಿದ ಕೆಲವು ಗಿಡಗಳು ನೆಲದ ಮೇಲೆ ಸಾಲಾಗಿದ್ದವು. ಎಂಟು ದಿನಕ್ಕೊಮ್ಮೆ, ಸಂತೆಯ ದಿನ, ಅವನ್ನೆಲ್ಲ ಎತ್ತಿ ಬೇರೆ ಕಡೆ ಇಡಲೇಬೇಕು. ಇಡದಿದ್ದರೆ ಗಡಿಗೆಯ ತೂತಿನಿಂದ ಬೇರು ಇಳಿದು ನೆಲ ಹಿಡಿಯುತ್ತದೆ. ನೆಲ ಹಿಡಿದರೆ ನೆಟ್ಟ ಹಾಗೆ. ನೆಟ್ಟರೆ ಮಾತು ಮುರಿದ ಹಾಗೆ. ಈ ಕೆಲಸ ಭರಮಪ್ಪನ ಪಾಲಿನದು.

ಆಗಸ್ಟ್ ಕೊನೆಗೆ, ಹುಬ್ಬಿ ಮಳೆಯ ಹೊತ್ತಿಗೆ, ಡೆಸ್ಕಿನಿಂದ ಚೀಟಿ ಬಂತು: ಕೃಷಿ ಪುಟಕ್ಕೆ ಫೋಟೋ ಸಹಿತ ಅರ್ಧ ಕಾಲಂ ಬೇಕು. ನಾನು ಫಕೀರವ್ವನ ಬಗ್ಗೆ ಬರೆದೆ. ಸರಿಯುವ ಮನೆ, ಗಡಿಗೆಯ ಸಾಲು, ಅಟ್ಟದ ಮೇಲಿನ ಕಸಿ. ಊರ ಹೆಸರು ಹಾಕಿದೆ, ಹೊಲ ಯಾವ ಹಳ್ಳದ ಬಾಜು ಎಂದು ಹಾಕಿದೆ, ದಂಪತಿ ಅಲ್ಲಿ ಮೂರು ವರ್ಷದಿಂದ ಸಾಗುವಳಿ ಮಾಡುತ್ತಿದ್ದಾರೆ ಎಂದು ಹಾಕಿದೆ. ಮನೆಯ ಮುಂದೆ ಇಬ್ಬರನ್ನೂ ನಿಲ್ಲಿಸಿ ತೆಗೆದ ಫೋಟೋ ಅಚ್ಚಾಯಿತು. ಬರೆದದ್ದರಲ್ಲಿ ಒಂದೂ ಸುಳ್ಳಿರಲಿಲ್ಲ.

ಮರುದಿನ ಪೇಪರಿನ ಪ್ರತಿ ಕೊಡಲೆಂದು ಹೊಲಕ್ಕೆ ಹೋದೆ. ನನಗಿಂತ ಮೊದಲು ರುದ್ರಗೌಡರು ಬಂದಿದ್ದರು. ಅವರ ಕೈಯಲ್ಲೂ ಅದೇ ಪೇಪರು.

"ಬರ್ರಿ ಪೇಪರದವರ," ಎಂದರು. ದನಿ ಏರಿರಲಿಲ್ಲ. "ಭಾಳ ಚಂದ ಬರದೀರಿ. ಮೂರು ವರ್ಷ ಸಾಗುವಳಿ, ಮನಿ, ಮನಿ ಮುಂದ ಗಂಡ ಹೆಂಡತಿ. ಇನ್ನ ಇವರು ವಕೀಲಗ ಏನೂ ಹೇಳೂದು ಬ್ಯಾಡ. ಇದನ್ನ ಕತ್ತರಿಸಿ ಕೊಟ್ರ ಸಾಕು."

ಆಗ ನನಗೆ ಅರ್ಥವಾಯಿತು. ಯಾರು, ಎಲ್ಲಿ, ಯಾವಾಗ, ಎಷ್ಟು. ಗೌಡರಿಗೆ ಹುಣಸಿ ಗಿಡ ಮಾಡಿದ್ದನ್ನೇ ನನ್ನ ಅರ್ಧ ಕಾಲಂ ಮಾಡಿತ್ತು.

"ತಿದ್ದುಪಡಿ ಹಾಕಸ್ತೀನ್ರಿ," ಎಂದೆ.

"ಸುಳ್ಳ ಬರದಿದ್ರ ತಿದ್ದಬಹುದಿತ್ತು. ಖರೆ ಬರದದ್ದನ್ನ ಹೆಂಗ ತಿದ್ದತೀರಿ?"

ಗೌಡರು ಭರಮಪ್ಪನ ಕಡೆ ತಿರುಗಿದರು. "ನಾಳೆ ಹೊತ್ತು ಮುಳುಗೂದರಾಗ ಹೊಲಾ ಖಾಲಿ ಆಗಬೇಕು. ಅಟ್ಟಾನೂ ಬಿಚ್ಚಬೇಕು."

ಅಟ್ಟ ಬಿಚ್ಚುವುದೆಂದರೆ ನೂರಾ ಹನ್ನೆರಡು ಕಸಿಗಳ ಸಾವು. ಗಾಯ ಕೂಡಲು ಇನ್ನೂ ಒಂದೂವರೆ ತಿಂಗಳು ಬೇಕಿತ್ತು. ಮೂರು ವರ್ಷದ ವಾಟೆ, ಮಣ್ಣು, ನೀರು ಎಲ್ಲ ಆ ಅಟ್ಟದ ಮೇಲಿತ್ತು. ಭರಮಪ್ಪ ಹೆಂಡತಿಯ ಮುಖ ನೋಡಿದ. ಫಕೀರವ್ವ ಅಳಲಿಲ್ಲ, ಕಾಲು ಹಿಡಿಯಲಿಲ್ಲ. ಸೆರಗು ಸೊಂಟಕ್ಕೆ ಸಿಗಿಸಿದಳು.

"ನಾಳೆ ತನಕ ಯಾಕ್ರಿ ಗೌಡ್ರ? ಎಲಿ ಅಡಿಕಿ ಹಾಕ್ಕೋರಿ. ಅದು ಮುಗಿಯೂದರಾಗ ಮನಿ ಇರಾಂಗಿಲ್ಲ."

ಗೌಡರು ಕೂತರು. ಎಲೆ ತೆಗೆದರೋ ಇಲ್ಲವೋ ನನಗೆ ನೆನಪಿಲ್ಲ. ಗಂಡ ಹೆಂಡತಿ ಹಗ್ಗ ಬಿಚ್ಚಿದರು. ಚಾವಣಿಯ ಎರಡು ಹೋಳು ಕೆಳಗಿಳಿದವು. ನಾಲ್ಕು ಗೋಡೆಗಳು ಒಂದರ ಮೇಲೊಂದು ಮಲಗಿದವು. ಪಾತ್ರೆ, ಕೌದಿ, ಕೋಳಿಬುಟ್ಟಿ ಅದರ ಮೇಲೆ ಕೂತವು. ಮನೆಯಿದ್ದಲ್ಲಿ ನಾಲ್ಕು ಕಲ್ಲು ಮಾತ್ರ ಉಳಿದವು. ಫಕೀರವ್ವ ಅವನ್ನೂ ಎತ್ತಿ ಬದುವಿಗೆ ಒಗೆದಳು.

"ಪಾಯ ಹಾಕಿಲ್ಲ, ನೋಡ್ರಿ. ಬಾವಿ ತೋಡಿಲ್ಲ. ಇನ್ನ ಗಿಡಾ. ಒಂದೊಂದು ಗಡಿಗಿ ನೀವ ಎತ್ತಿ ನೋಡ್ರಿ. ಒಂದು ಬೇರು ನಿಮ್ಮ ನೆಲದಾಗ ಇಳದಿದ್ರ ನಾನ ಅಟ್ಟಾ ಬಿಚ್ಚತೀನಿ. ಇಳದಿಲ್ಲಂದ್ರ ದೀಪಾವಳಿ ಹಟ್ಟಿಹಬ್ಬದ ತನಕ ಅಟ್ಟಾ ಬಿಡಬೇಕು."

ಗೌಡರು ಎದ್ದರು. ಸಾಲಿನ ಮೊದಲ ಗಡಿಗೆ ಎತ್ತಿದರು, ಬಂತು. ಎರಡನೆಯದು ಬಂತು. ಅವರು ಪಂಚೆ ಎತ್ತಿ ಕಟ್ಟಿಕೊಂಡು, ಬಗ್ಗಿ, ಒಂದನ್ನೂ ಬಿಡದೆ ಎತ್ತುತ್ತ ಹೋದರು. ಕೊನೆಯ ಸಾಲಿನ ತುದಿಯಲ್ಲಿ ಒಂದು ಗಡಿಗೆ ಮೇಲೇಳಲಿಲ್ಲ. ಮತ್ತೊಮ್ಮೆ ಎಳೆದರು. ಅದು ಅಲುಗಲೂ ಇಲ್ಲ.

ಫಕೀರವ್ವ ಹತ್ತಿರ ಬಂದು ಬಗ್ಗಿ ನೋಡಿದಳು. ಗಡಿಗೆಗೆ ತಳವೇ ಇರಲಿಲ್ಲ. ಯಾರೋ ಬೇಕೆಂದೇ ತಳ ಒಡೆದು ನೆಲದಲ್ಲಿ ಹೂತಿದ್ದರು. ಆಕೆ ಗಂಡನ ಕಡೆ ನೋಡಿದಳು.

ಭರಮಪ್ಪ ತಲೆಯ ಮೇಲಿನ ಟವೆಲ್ ತೆಗೆದು ಕೈಯಲ್ಲಿ ಹಿಡಿದುಕೊಂಡ. "ನಾ ಎರಿ ಸೀಮ್ಯಾಂವ್ರಿ ಗೌಡ್ರ," ಎಂದ. "ಹುಟ್ಟಿದಾಗಿಂದ ನೆಳ್ಳು ಕಂಡಾಂವಲ್ಲ. ಎಲ್ಲಾ ಗಿಡಾ ಎತ್ತಿ ಎತ್ತಿ ಇಡಾಕತ್ತೀನಿ. ಒಂದರೆ ನೆಲಾ ಹಿಡೀಲಿ ಅನಿಸ್ತು. ಇಕಿಗೆ ಗೊತ್ತಿಲ್ರಿ. ತಪ್ಪು ನಂದ."

ಫಕೀರವ್ವ ಸಾಮಾನಿನ ರಾಶಿಯಿಂದ ಕುಡಗೋಲು ಎಳೆದುಕೊಂಡಳು.

ಗೌಡರೇ ಬೆಚ್ಚಿದರು. "ಏ, ಏ! ಹಸೇ ಮಾವಿನ ಗಿಡಕ್ಕ ಕಬ್ಬಣ ಹಚ್ಚತಿ ಏನ ಬೇ?"

"ಮಾತು ಕೊಟ್ಟೀನ್ರಿ. ಗಿಡಾ ಮತ್ತ ಬೆಳಸಬಹುದು," ಎಂದು ಆಕೆ ಗಡಿಗೆಯ ಕೆಳಗೆ ಮಣ್ಣು ಬಗೆದು ತಾಯಿಬೇರನ್ನು ಕಡಿದಳು. ಒಂದೇ ಏಟು. ಸೊಂಟದೆತ್ತರದ ಕಸಿಗಿಡ ಅದು, ಹಿಂದಿನ ವರ್ಷದ್ದು, ಸಾಲಿನಲ್ಲೇ ಚೆಂದದ್ದು. ಎತ್ತಿ ತಂದು ಗೌಡರ ಕಾಲ ಬಳಿ ಇಟ್ಟಳು. "ಬೇರು ಇಳದಿತ್ತು. ಅಟ್ಟಾ ಬಿಚ್ಚೂದು ನನ್ನ ಮಾತು. ಬಿಚ್ಚತೀನಿ."

ಆಕೆ ಮರದ ಕಡೆ ನಾಲ್ಕು ಹೆಜ್ಜೆ ಹಾಕಿದ್ದಳು.

"ನಿಲ್ಲ ತಂಗಿ," ಎಂದರು ಗೌಡರು. ಸ್ವಲ್ಪ ಹೊತ್ತು ಆ ಕಡಿದ ಬೇರನ್ನೇ ನೋಡಿದರು. "ನನ್ನ ಗದ್ದಿ ಹೋದಾಗ ಇಂಥಾದೊಂದು ಮಾತು ಯಾರೂ ಆಡಲಿಲ್ಲ. ಹಟ್ಟಿಹಬ್ಬದ ತನಕ ಅಟ್ಟಾ ಇರ್ಲಿ. ಮನಿ ಮಾತ್ರ ಹೊಲದಾಗ ಬ್ಯಾಡ." ಹೊರಡುವಾಗ ನನ್ನ ಮುಂದೆ ನಿಂತರು. "ನೀವು ಹಟ್ಟಿಹಬ್ಬದ ತನಕ ಏನೂ ಬರೀಬ್ಯಾಡ್ರಿ."

ಬರೆಯಲಿಲ್ಲ.

ಮನೆ ರಸ್ತೆ ಬಾಜುವಿನ ಗಾಯರಾಣಕ್ಕೆ, ದನ ಮೇಯುವ ಸರಕಾರಿ ನೆಲಕ್ಕೆ ಸರಿಯಿತು. ಒಂದು ಗೋಡೆ ನಾನೂ ಹೊತ್ತೆ. ಭರಮಪ್ಪ ಎರಡು ದಿನ ಉಂಡಿರಲಿಲ್ಲ ಎಂದು ಆಮೇಲೆ ಗೊತ್ತಾಯಿತು. ಬೇರು ಕಡಿದ ಗಿಡ ನಾಲ್ಕನೆಯ ದಿನ ಬಾಡಿತು. ಫಕೀರವ್ವ ಅದರ ಬಗ್ಗೆ ಗಂಡನಿಗೆ ಒಂದು ಮಾತೂ ಆಡಲಿಲ್ಲ. ಐದನೆಯ ದಿನ ಮಾತ್ರ ಹೊಸ ಗಡಿಗೆಯೊಂದನ್ನು ಅವನ ಕೈಗೆ ಕೊಟ್ಟು, "ಇದರ ತಳಾ ಗಟ್ಟಿ ಐತಿ, ಬಾರಿಸಿ ನೋಡು," ಎಂದಳು. ಅವನು ನಕ್ಕ. ಅಲ್ಲಿಗೆ ಅದು ಮುಗಿಯಿತು.

ಹಸ್ತ ಮಳೆ ಗಾಳಿ ಕಟ್ಟಿಕೊಂಡು ಬಂತು. ಎರಡು ದಿನ ಬಿಡದೆ ಹೊಡೆಯಿತು. ಮೂರನೆಯ ದಿನ ಬೆಳಿಗ್ಗೆ ಮೂವರೂ ಹೊಲಕ್ಕೆ ಓಡಿದೆವು. ಮರದ ಕೆಳಗೆ ಗೋಣಿಚೀಲದ ಗೊಪ್ಪೆ ಹಾಕಿಕೊಂಡ ಮನುಷ್ಯನೊಬ್ಬ ಅಟ್ಟದ ಜಾರಿದ ಗಳಕ್ಕೆ ಹಗ್ಗ ಬಿಗಿಯುತ್ತಿದ್ದ. ತಿರುಗಿದಾಗ ನೋಡಿದರೆ ರುದ್ರಗೌಡರು.

"ನಮ್ಮಪ್ಪನ ಗಿಡಾ. ಟೊಂಗಿ ಮುರದಾವೇನು ಅಂತ ನೋಡಾಕ ಬಂದಿದ್ದೆ," ಎಂದರು, ಯಾರೂ ಕೇಳದಿದ್ದರೂ.

ಫಕೀರವ್ವ ಅವರು ಹಾಕಿದ ಗಂಟು ನೋಡಿದಳು. "ಹಿಂಗ ಕಟ್ಟಿದ್ರ ನಾಳಿನ ತನಕಾನೂ ತಡ್ಯಾಂಗಿಲ್ರಿ ಗೌಡ್ರ. ಸರೀರಿ ಬಾಜೂಕ."

ಗೌಡರು ಸರಿದರು. ಹನ್ನೊಂದು ಗಡಿಗೆ ಉರುಳಿದ್ದವು. ನೂರಾ ಒಂದು ನಿಂತಿದ್ದವು.

ಹಟ್ಟಿಹಬ್ಬದ ಮಾರನೆಯ ದಿನ ಕಸಿ ಬಿಡಿಸಿದರು. ಆಕೆ ಕಟ್ಟಿನ ಕೆಳಗೆ ತಾಯಿಮರದ ಟೊಂಗೆಯನ್ನು, ಕಟ್ಟಿನ ಮೇಲೆ ಸಸಿಯ ಹಳೆಯ ತುದಿಯನ್ನು ಕತ್ತರಿಸಿ, ಗಡಿಗೆಯನ್ನು ಭರಮಪ್ಪನ ಕೈಗೆ ಇಳಿಸುತ್ತಿದ್ದಳು. ಅಲ್ಲಿಂದ ನನ್ನ ಕೈಗೆ. ಎಲ್ಲ ನೆರಳಲ್ಲಿ ಸಾಲಾದವು. ಇನ್ನು ಹದಿನೈದು ದಿನ ಕಾಯಬೇಕು. ಕೂಡಿದ್ದು ನಿಜವಾದರೆ ಎಲೆ ನಿಲ್ಲುತ್ತದೆ. ಹದಿನೈದನೆಯ ದಿನ ನಾನು ಎಣಿಸಿದೆ, ಮತ್ತೆ ಎಣಿಸಿದೆ. ಐದು ಬಾಡಿದ್ದವು. ತೊಂಬತ್ತಾರು ಗಿಡ ಸೆಟೆದು ನಿಂತಿದ್ದವು. ಅಷ್ಟು ವರ್ಷದ ನನ್ನ ವರದಿಗಾರಿಕೆಯಲ್ಲಿ ಒಂದು ಅಂಕಿ ನೋಡಿ ಕಣ್ಣು ತುಂಬಿದ್ದು ಅದೊಂದೇ ಸಲ.

ಅಂದೇ ಗೌಡರು ಬಂದರು. ಗಿಡಗಳ ಸಾಲಿನ ನಡುವೆ ಒಮ್ಮೆ ಆ ತುದಿಯವರೆಗೆ ಹೋಗಿ ಬಂದರು. "ಇಪ್ಪತ್ತು ಗಿಡಾ ನನಗ ಬೇಕು. ಇದ ಹೊಲದಾಗ ಹಚ್ಚತೀನಿ. ಏನು ತಗೋತಿ ಹೇಳು."

"ಕೂಲಿ ಕೊಡ್ರಿ. ಮ್ಯಾಲೆ ಗಿಡಕ್ಕೊಂದು ಟೊಂಗಿ."

"ಅಂದ್ರ?"

"ಗಿಡಾ ನಿಮ್ಮದ, ನೆಲಾ ನಿಮ್ಮದ, ಕಾಯಿ ನಿಮ್ಮದ. ಗಿಡಾ ದೊಡ್ಡದಾದ ಮ್ಯಾಲೆ ಒಂದೊಂದು ಟೊಂಗಿ ನನಗ ಬಿಡ್ರಿ. ಮಳಿಗಾಲದಾಗ ಗಡಿಗಿ ತರತೀನಿ, ಕಸಿ ಕಟ್ಟತೀನಿ, ಹಟ್ಟಿಹಬ್ಬಕ್ಕ ಬಿಡಿಸ್ಕೊಂಡು ಹೋಗ್ತೀನಿ. ನಾ ಇರೂತನ, ನನ್ನ ಹಿಂದ ನಮ್ಮವರು ಇರೂತನ."

ಗೌಡರು ಬಹಳ ಹೊತ್ತು ಯೋಚಿಸಿದರು. ಮಾತಿನಲ್ಲಿ ಎಲ್ಲಾದರೂ ಕೇಸು ಅಡಗಿದೆಯೇ ಎಂದು ಹುಡುಕುತ್ತಿದ್ದಾರೆ ಎಂಬುದು ಮುಖದಲ್ಲೇ ಕಾಣುತ್ತಿತ್ತು. ಕೊನೆಗೆ ಹೊಟ್ಟೆ ಅಲುಗುವ ಹಾಗೆ ನಕ್ಕರು. "ಟೊಂಗಿಗೆ ಯಾವ ಪಹಣಿ ಐತಿ, ಯಾವ ಕೋರ್ಟ ಐತಿ! ತಗೋ ಬೇ, ಒಂದಲ್ಲ ಎರಡು ತಗೋ. ಬರದು ಕೊಡ್ಲೇನು?"

ಆಕೆ ಓರೆಗಣ್ಣಿನಿಂದ ನನ್ನನ್ನು ನೋಡಿದಳು. "ಬರದದ್ದರ ಸುಖಾ ಒಮ್ಮೆ ಉಂಡೀವ್ರಿ. ನಾಕ ಮಂದಿ ಮುಂದ ಹೇಳ್ರಿ, ಸಾಕು."

ಗೌಡರು ದುಮ್ಮವಾಡದ ಕಟ್ಟೆಯ ಮೇಲೆ ಹೇಳಿದರು. ಮನೆ ಮರಳಿ ಹೊಲಕ್ಕೆ ಬಂತು. ಬೇಸಿಗೆಯಲ್ಲಿ ಗಿಡಗಳಿಗೆ ನೀರು ಗೌಡರ ಬಾವಿಯದು. ಬದನೆ ಚೆನ್ನಾಗಿ ಕಾಯಿತು.

ಮುಂದಿನ ಮಿರಗಕ್ಕೆ ನನಗೆ ಬೇರೆ ತಾಲೂಕಿಗೆ ವರ್ಗವಾಗಿತ್ತು. ಹೊರಡುವ ಮೊದಲು ಒಂದು ದಿನ ಅವರ ಗಾಡಿಯ ಜೊತೆ ತಿರುಗಿದೆ. ಗೌಡರ ಎತ್ತು, ಗೌಡರ ಚಕ್ಕಡಿ, ತುಂಬ ಕಸಿಗಿಡ. ಭರಮಪ್ಪ ಎತ್ತು ಹೊಡೆಯುತ್ತಿದ್ದ. ತಂಬೂರು ಎಂಬ ಊರಿನಲ್ಲಿ ಒಬ್ಬರು ಹನ್ನೆರಡು ಗಿಡ ಇಳಿಸಿಕೊಂಡರು, ಹನ್ನೆರಡು ಟೊಂಗೆಗೆ ಹೂಂ ಅಂದರು. ಇನ್ನೊಬ್ಬರು ಎಂಟು. ಕುಣಿ ತೋಡಿ ಮುಗಿದಲ್ಲೆಲ್ಲ ಭರಮಪ್ಪ ಗಾಡಿ ಇಳಿದು, ಮೊದಲ ಗಿಡವನ್ನು ತಾನೇ ನೆಲಕ್ಕಿಳಿಸಿ, ಬುಡ ತುಳಿದು ಗಟ್ಟಿ ಮಾಡಿ ಬರುತ್ತಿದ್ದ. ಅವನು ಬೇಗ ಬರಲಿ ಎಂದು ಫಕೀರವ್ವ ಒಮ್ಮೆಯೂ ಕೂಗಲಿಲ್ಲ.

ದೇವಿಕೊಪ್ಪದಲ್ಲಿ ದೊಡ್ಡ ಹಿಡುವಳಿಯ ಹಿರಿಯರೊಬ್ಬರು ಗಾಡಿಯ ಗಿಡಗಳನ್ನು ಮುಟ್ಟಿ ಮುಟ್ಟಿ ನೋಡಿದರು. ಕರಾರು ಕೇಳಿ ಹಣೆ ಗಂಟಿಕ್ಕಿದರು. "ಕೂಲಿನೂ ಕೊಟ್ಟು ಟೊಂಗಿನೂ ಕೊಡಬೇಕಂತ! ಗೇಣು ಹೊಲಾ ಇಲ್ಲದಾಕಿ, ನನ್ನ ಗಿಡದಾಗ ಪಾಲು ಕೇಳ್ತಿ ಏನ ಬೇ?"

"ಬ್ಯಾಡಂದ್ರ ಬಿಡ್ರಿ ಯಜಮಾನ್ರ. ಗಾಡಿ ಮುಂದ ಹೋಗೂದೈತಿ," ಎಂದು ಆಕೆ ಗಂಡನಿಗೆ ಸನ್ನೆ ಮಾಡಿದಳು. ಎತ್ತುಗಳು ಹೆಜ್ಜೆ ಕಿತ್ತವು. ಅಗಸಿ ಬಾಗಿಲು ದಾಟುವಷ್ಟರಲ್ಲಿ ಹಿಂದಿನಿಂದ ಕೂಗು ಕೇಳಿತು. ಹಿರಿಯರು ಒಂದು ಕೈಯಲ್ಲಿ ಪಂಚೆ ಹಿಡಿದುಕೊಂಡು ಓಡಿ ಬರುತ್ತಿದ್ದರು.

"ಏ ನಿಲ್ಲ ಬೇ! ಇಪ್ಪತ್ತೈದು ಇಳಸು! ಯಾವ ಟೊಂಗಿ ನಿನಗ ಅಂತರೆ ಹೇಳು!"

ಫಕೀರವ್ವ ಗಿಡಗಳ ನಡುವೆ ಎದ್ದು ನಿಂತಳು. ಹೊಸ ಎಲೆಗಳು ಅವಳ ಸೊಂಟಕ್ಕೆ ಬರುತ್ತಿದ್ದವು.

"ಮೂಡಲ ಕಡೀದು ರೀ," ಎಂದಳು. "ಬಿಸಲು ಮದಲ ಅದಕ್ಕ ಬೀಳೂದು."